ಗದ್ದೆ ಸಿಕ್ಕಿತು, ಕಟ್ಟೆ ಯಾರ ಪಾಲಿಗೆ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನ ಅಘನಾಶಿನಿ ಹಿನ್ನೀರಿನ ಊರು. ಅಜ್ಜ ಗೇಣಿದಾರ. ಭೂ ಸುಧಾರಣೆಯಲ್ಲಿ ಅವರಿಗೆ 1 ಎಕರೆ 12 ಗುಂಟೆ ಗಜನಿ ಗದ್ದೆ, ಅಂದರೆ ಉಪ್ಪುನೀರಿನ ಬಯಲಿನ ಗದ್ದೆ, ಬಂತು. ಅಜ್ಜ, ಅಜ್ಜಿ, ಅಪ್ಪ ಈಗಿಲ್ಲ. ಅಜ್ಜನಿಗೆ ಮೂರು ಗಂಡು, ಎರಡು ಹೆಣ್ಣು. ನಮ್ಮಪ್ಪನಿಗೆ ನಾವು ಮೂವರು. ನಾನಿರುವುದು ಬೆಂಗಳೂರಿನಲ್ಲಿ. ಗದ್ದೆ ಹನ್ನೆರಡು ವರ್ಷದಿಂದ ಪಾಳು. ಈಗ ಹೊರಗಿನವರೊಬ್ಬರು ಕೊಳ್ಳುತ್ತೇನೆ ಅಂತ ಬಂದಿದ್ದಾರೆ, ರೇಟು ಚೆನ್ನಾಗಿದೆ. ಇನ್ನೊಬ್ಬರು ಸಿಗಡಿಗೆ ಗುತ್ತಿಗೆ ಕೊಡಿ ಅಂತಾರೆ. 'ಉಳುವವನಿಗೆ ಭೂಮಿ ಅಂದರು, ಈಗ ಉಳುವವನೇ ಇಲ್ಲ, ಮಾರಿ ಮುಗಿಸಿ' ಅಂತ ಚಿಕ್ಕಪ್ಪ. ಇತ್ತ ಸಿರ್ಸಿ ಕಡೆಯ ನಮ್ಮ ಸೋದರಮಾವನ ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರ ಆಗಿದೆ. ಭೂ ಸುಧಾರಣೆ ಸೋತಿತಾ? ನಾವೀಗ ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಪಾಲು ಎಷ್ಟು ಅಂತ ನೋಡೋಣ. ಎಕರೆಗೆ 40 ಗುಂಟೆ. ನಿಮ್ಮದು ಒಟ್ಟು 52 ಗುಂಟೆ. ಅಜ್ಜನಿಗೆ ಐದು ಮಕ್ಕಳು. ನೀವು ಅತ್ತೆಯರನ್ನೂ ಲೆಕ್ಕಕ್ಕೆ ಸೇರಿಸಿ ಬರೆದಿದ್ದೀರಿ, ಸಂತೋಷ. ಎಷ್ಟೋ ಜನ ಹೆಣ್ಣುಮಕ್ಕಳನ್ನು ಬಿಟ್ಟೇ ಬರೆಯುತ್ತಾರೆ. ಒಬ್ಬೊಬ್ಬರಿಗೆ ಹತ್ತು ಗುಂಟೆ ಚಿಲ್ಲರೆ ಬಂತು. ಅಪ್ಪನ ಪಾಲನ್ನು ನೀವು ಮೂವರು ಹಂಚಿಕೊಂಡರೆ ತಲೆಗೆ ಸುಮಾರು ಮೂರೂವರೆ ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ನಿಮ್ಮ ಪಾಲು ಬೆಂಗಳೂರಿನ ಲೆಕ್ಕದಲ್ಲಿ 30-40ರ ಮೂರು ಸೈಟು. ಅದೂ ಉಪ್ಪುನೀರಿನ ನಡುವೆ, ಗಾಡಿ ಹೋಗದ ಜಾಗದಲ್ಲಿ.

ಇಷ್ಟಕ್ಕಾಗಿ ಯಾರು ಊರಿಗೆ ವಾಪಸ್ ಬರುತ್ತಾರೆ? ಚಿಕ್ಕಪ್ಪನ ಮಾತಿನಲ್ಲಿ ಅರ್ಧ ನಿಜ ಇದೆ. ಆದರೆ ಗದ್ದೆ ಪಾಳು ಬಿದ್ದಿದ್ದು ತುಂಡು ಸಣ್ಣದಾಯ್ತು ಅಂತಲ್ಲ. ಅಜ್ಜನ ಕಾಲದಲ್ಲೂ ಗಜನಿಯಲ್ಲಿ ಐದು ಗುಂಟೆ, ಎಂಟು ಗುಂಟೆಯ ತುಂಡುಗಳಿದ್ದವು. ಅವುಗಳಲ್ಲೂ ಭತ್ತ ಬೆಳೆಯುತ್ತಿತ್ತು. ನಿಮ್ಮ ಪತ್ರದಲ್ಲಿ ಗದ್ದೆ ಇದೆ, ರೇಟು ಇದೆ, ಪಾಲುದಾರರಿದ್ದಾರೆ. ಉಪ್ಪುನೀರು ತಡೆಯುವ ಕಟ್ಟೆ ಹೇಗಿದೆ ಅಂತ ಒಂದು ಮಾತೂ ಇಲ್ಲ. ನನ್ನ ಉತ್ತರ ಜಾಸ್ತಿ ಪಾಲು ಆ ಕಟ್ಟೆಯ ಬಗ್ಗೆಯೇ.

ಅದಕ್ಕೆ ಮೊದಲು ಸೋತಿತಾ ಅಂತ ಕೇಳಿದಿರಲ್ಲ, ಅದನ್ನು ನೋಡೋಣ.

ಭೂ ಸುಧಾರಣೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬೆಂಗಳೂರಿನಿಂದ ಟಪಾಲಿನಲ್ಲಿ ಬಂದಿದ್ದಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ ಅಂಕೋಲಾ, ಕುಮಟಾ ಕಡೆ ದಿನಕರ ದೇಸಾಯಿಯವರು ಗೇಣಿದಾರರನ್ನು ಒಟ್ಟು ಸೇರಿಸಿದ್ದರು. ಅದರಲ್ಲಿ ಹಾಲಕ್ಕಿ ಒಕ್ಕಲಿಗರು ಬಹಳ ಮಂದಿ. ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಆಗ ಇಲ್ಲಿ ಗೇಣಿಯಲ್ಲಿ ಎರಡು ಬಗೆ. ಮೂಲಗೇಣಿಯವನಿಗೆ ಸ್ವಲ್ಪ ಭದ್ರತೆ ಇತ್ತು. ಚಾಲಗೇಣಿಯವನನ್ನು ಒಡೆಯ ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ಭತ್ತ ಅಳೆದು ಕೊಟ್ಟರೆ ಮುಗಿಯುತ್ತಿರಲಿಲ್ಲ. ಹಬ್ಬಕ್ಕೆ ಕೋಳಿ, ಹೊಸ ಸೌತೆಕಾಯಿ, ಮದುವೆ ಮನೆಗೆ ಚಪ್ಪರದ ಕೆಲಸ, ಎಲ್ಲ ಗೇಣಿಯ ಬಾಲಂಗೋಚಿಗಳು. ಘಟ್ಟದ ಮೇಲೆ, ಪಕ್ಕದ ಸಾಗರ ತಾಲೂಕಿನಲ್ಲಿ 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ಆಯ್ತು. ಅದರ ಬಿಸಿ ಸಿದ್ದಾಪುರ, ಸಿರ್ಸಿಗೂ ತಟ್ಟಿತ್ತು.

ನಮ್ಮ ಜಿಲ್ಲೆಯ ಪಾಲಿಗೆ ಒಂದು ವಿಚಿತ್ರವೂ ನಡೆಯಿತು. ಆಗ ನಾವಿದ್ದದ್ದು ಮುಂಬೈ ರಾಜ್ಯದಲ್ಲಿ. ಅಲ್ಲಿನ 1948ರ ಗೇಣಿ ಕಾಯ್ದೆಗೆ ತಿದ್ದುಪಡಿ ಮಾಡಿ, 1957ರ ಏಪ್ರಿಲ್ 1ರಂದು ಗೇಣಿದಾರ ತಾನು ಉಳುವ ಭೂಮಿಯನ್ನು ಕೊಂಡಂತೆ ಅಂತ ನಿಗದಿ ಮಾಡಿದ್ದರು. 'ಉಳುವವನ ದಿನ' ಅಂತಲೇ ಅದಕ್ಕೆ ಹೆಸರು. ಆದರೆ 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು. ಐದೇ ತಿಂಗಳಿನಲ್ಲಿ ತಪ್ಪಿತು. ಏಕೀಕರಣಕ್ಕೆ ಪಟಾಕಿ ಹೊಡೆದವರಲ್ಲಿ ಗೇಣಿದಾರರೂ ಇದ್ದರಲ್ಲ! ಆಮೇಲೆ ಅವರು ಕಾದಿದ್ದು ಹದಿನೇಳು ವರ್ಷ. 1961ರ ಭೂ ಸುಧಾರಣಾ ಕಾಯ್ದೆ ಇತ್ತು, ಹಲ್ಲಿರಲಿಲ್ಲ. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅವತ್ತಿಗೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ್ದು, ಉಳುವವನು ಫಾರಂ 7 ಹಾಕಿ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಅರ್ಜಿಯ ಗಡುವು ಮುಂದೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ತೀರ್ಮಾನ ಮಾಡಲು ಭೂ ನ್ಯಾಯಮಂಡಳಿ. ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ನಾಲ್ಕು ಸದಸ್ಯರು. ವಕೀಲರಿಗೆ ಒಳಗೆ ಪ್ರವೇಶವೇ ಇರಲಿಲ್ಲ.

ಆಗ ನಾನು ಸಿರ್ಸಿ ಹತ್ತಿರದ ಹಳ್ಳಿಯಲ್ಲಿ ಏಳನೇ ಕ್ಲಾಸು. ನಮ್ಮದು ಅಡಿಕೆ ತೋಟದ ಮನೆ, ಜೊತೆಗೆ ಎರಡು ಎಕರೆ ಗದ್ದೆ. ಗದ್ದೆ ಮಾಡುತ್ತಿದ್ದವರು ಪಕ್ಕದ ಕೇರಿಯವರು. ಅವರು ಫಾರಂ 7 ಹಾಕಿದರು. ಅಪ್ಪನಿಗೆ ಸಿಟ್ಟೋ ಸಿಟ್ಟು. ವಿಚಾರಣೆ ದಿನ ಅಪ್ಪನ ಜೊತೆ ನಾನೂ ಹೋಗಿದ್ದೆ. ಗೇಣಿ ಚೀಟಿ ಇದೆಯಾ ಅಂತ ಅವರನ್ನು ಕೇಳಿದರು. ಇರಲಿಲ್ಲ. ನಮ್ಮ ಮನೆಯಿಂದ ಯಾವತ್ತೂ ಚೀಟಿ ಕೊಟ್ಟಿದ್ದರೆ ತಾನೆ? ಅವರು ಎದ್ದು ನಿಂತು ಗದ್ದೆಯನ್ನೇ ಹೇಳತೊಡಗಿದರು. ಯಾವ ಹಾಳಿಯಲ್ಲಿ, ಅಂದರೆ ಬದುವಿನಲ್ಲಿ, ಏಡಿ ತೂತು ಜಾಸ್ತಿ, ಯಾವ ಮೂಲೆಯಲ್ಲಿ ನೀರು ನಿಲ್ಲುವುದಿಲ್ಲ, ಹಲಸಿನ ಮರದ ಬುಡದಲ್ಲಿ ಭತ್ತ ಯಾಕೆ ಜೊಳ್ಳು. ಐದು ನಿಮಿಷ ಆಗಿರಬಹುದು. ಅಧಿಕಾರಿ ಅಪ್ಪನ ಕಡೆ ತಿರುಗಿ 'ನೀವು ಹೇಳಿ' ಅಂದರು. ಅಪ್ಪನ ಹತ್ತಿರ ಇದ್ದದ್ದು ಸರ್ವೆ ನಂಬರ್ ಒಂದೇ.

ಗದ್ದೆ ಅವರದಾಯ್ತು. ಅಪ್ಪ ಮೂರು ವರ್ಷ ಅವರ ಜೊತೆ ಮಾತು ಬಿಟ್ಟರು. ಆದರೆ ಅವರಷ್ಟು ಚುರುಕಿನ ಕೊನೆಗೌಡ ಊರಲ್ಲಿ ಇನ್ನೊಬ್ಬರಿರಲಿಲ್ಲ. ಅಡಿಕೆ ಕೊನೆ ಇಳಿಸುವ ಹೊತ್ತಿಗೆ ಅಪ್ಪ ನನ್ನ ಕೈಲಿ ಹೇಳಿ ಕಳಿಸುತ್ತಿದ್ದರು. ಅವರು ಬಂದು, ಅಂಗಳದಲ್ಲಿ ನಿಂತು, ಮೊದಲಿಗಿಂತ ಜಾಸ್ತಿ ಕೂಲಿ ಹೇಳುತ್ತಿದ್ದರು. ಅಪ್ಪ ಚೌಕಾಸಿ ಮಾಡಿ ಒಪ್ಪುತ್ತಿದ್ದರು. ಹಿಂದೆ ಆ ಚೌಕಾಸಿಯೇ ಇರಲಿಲ್ಲ. ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಿದ್ದರು. ಭೂ ಸುಧಾರಣೆ ಸೋತಿತು ಅಂತ ಯಾರಾದರೂ ಅಂದರೆ ನನಗೆ ಆ ಅಂಗಳ ನೆನಪಾಗುತ್ತದೆ. ಹಾಗಂತ ಎಲ್ಲ ಕಡೆ ನ್ಯಾಯವೇ ಆಯ್ತು ಅಂತಲೂ ಹೇಳಲಾರೆ. ಸೈನಿಕರು, ನಾವಿಕರನ್ನು ಬಿಟ್ಟರೆ ಯಾರಿಗೂ ರಿಯಾಯಿತಿ ಇರಲಿಲ್ಲ. ಒಂದೇ ಎಕರೆ ಇದ್ದ ವಿಧವೆಯೂ 'ಜಮೀನ್ದಾರಳೇ'.

ಈಗ ಗಜನಿಗೆ ಬರೋಣ. ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಹೇಳುತ್ತೇನೆ, ಘಟ್ಟದ ಮೇಲಿನ ಓದುಗರಿಗೂ ತಿಳಿಯಲಿ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಸಿರ್ಸಿಯ ಶಂಕರಹೊಂಡದ ಕಡೆಯಿಂದ ಹೊರಟು, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನಲ್ಲಿ ಅಗಲವಾಗಿ ಹರಡಿ, ತದಡಿ ಹತ್ತಿರ ಸಮುದ್ರ ಸೇರುತ್ತದೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದಲ್ಲಿ ಉಪ್ಪುನೀರು ಊರೊಳಗೆ ಬರುವ ಈ ತಗ್ಗು ಬಯಲಿಗೆ ಕಟ್ಟೆ ಹಾಕಿ ಮಾಡಿದ ಗದ್ದೆಯೇ ಗಜನಿ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆ ಬಾಗಿಲಿನ ತೂಬು. ಜಂತ್ರಡಿ ಅಂತಾರೆ. ಜೂನ್‌ನಲ್ಲಿ ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಕಗ್ಗ ಅಂದರೆ ಉಪ್ಪು ತಾಳುವ ಇಲ್ಲಿನ ಭತ್ತ. ಗೊಬ್ಬರ ಬೇಡ, ಔಷಧ ಬೇಡ. ನೆರೆ ಬಂದು ಕೆಲವು ದಿನ ಮುಳುಗಿದರೂ ಪೈರು ಸಾಯುವುದಿಲ್ಲ. ಎದೆ ಮಟ್ಟ ಎದ್ದು ನಿಲ್ಲುತ್ತದೆ. ಅಕ್ಟೋಬರ್ ಹೊತ್ತಿಗೆ ಕದಿರು ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಆಮೇಲೆ ಜಂತ್ರಡಿ ತೆಗೆಯುತ್ತಾರೆ. ಭರತದ ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಕೊಳೆತ ಹುಲ್ಲೇ ಅವುಗಳ ಊಟ. ಬೇಸಿಗೆಗೆ ಮೀನು ಹಿಡಿಯುವ ಹಕ್ಕಿನ ಹರಾಜು. ಭತ್ತದ ಗದ್ದೆಯೂ ಅದೇ, ಮೀನಿನ ಕೆರೆಯೂ ಅದೇ.

ಇದೆಲ್ಲ ನಿಂತಿರುವುದು ಕಟ್ಟೆ ಮೇಲೆ. ಕೆಲವು ವರ್ಷದ ಹಿಂದೆ ಒಬ್ಬ ಅಜ್ಜಿಯ ಹಿಂದೆ ನಿಮ್ಮ ಕಡೆಯದೇ ಒಂದು ಮಣ್ಣಿನ ಕಟ್ಟೆಯ ಮೇಲೆ ನಡೆದಿದ್ದೆ. ಅಜ್ಜಿ ಸೊಂಟದಲ್ಲಿ ಕತ್ತಿ, ತಲೆ ಮೇಲೆ ಹೆಡಿಗೆ. ನಡೆಯುತ್ತ ನಡೆಯುತ್ತ ಥಟ್ಟನೆ ನಿಂತು ಹಿಮ್ಮಡಿಯಿಂದ ಮಣ್ಣು ಒತ್ತಿದರು. ನನಗೆ ಏನೂ ಕಾಣಲಿಲ್ಲ. ಬಗ್ಗಿ ನೋಡಿದರೆ ಹೆಬ್ಬೆರಳಿನಷ್ಟು ತೂತು. ಏಡಿಯದ್ದು. ಹೆಡಿಗೆಯಿಂದ ಹುಲ್ಲು ತೆಗೆದು ಸುರುಳಿ ಮಾಡಿ ತುರುಕಿದರು, ಮೇಲೆ ಜೇಡಿ ಮಣ್ಣು ಮೆತ್ತಿದರು. 'ಇದ್ನ ಇವತ್ತು ಬಿಟ್ರೆ ಅಮಾಸೆ ಭರತಕ್ಕೆ ಇಲ್ಲಿ ದೋಣಿ ಹೋಗ್ತದೆ' ಅಂದರು. ಆ ಕಟ್ಟೆ ಅಜ್ಜಿಯದ್ದಲ್ಲ. ಅವರ ಗದ್ದೆ ಅಲ್ಲಿಂದ ಬಹಳ ದೂರ, ಗಜನಿಯ ಇನ್ನೊಂದು ಕೊನೆಯಲ್ಲಿ. ಆದರೆ ನೀರು ಒಮ್ಮೆ ಒಳಗೆ ಬಂದರೆ ಇದು ಯಾರ ತುಂಡು ಅಂತ ಕೇಳುತ್ತದಾ?

ಜಮೀನಿನ ಒಡೆಯರ ಕಾಲದಲ್ಲಿ ಕಟ್ಟೆಯ ಜವಾಬ್ದಾರಿ ಒಡೆಯರದ್ದು. ಕೆಲಸ ಮಾತ್ರ ಗೇಣಿದಾರರದ್ದು. ಕಟ್ಟೆ ಒಡೆದರೆ ಹಗಲೋ ರಾತ್ರಿಯೋ ಒಂದು ಕೂಗು ಬರುತ್ತಿತ್ತು. ಮನೆಗೊಂದು ಆಳು ಹೋಗಲೇಬೇಕು. ಹೋಗದಿದ್ದರೆ ಮುಂದಿನ ವರ್ಷ ಗದ್ದೆ ಇಲ್ಲ. ಅದು ಬಿಟ್ಟಿ ಚಾಕರಿ. ಅದನ್ನು ಚಂದ ಮಾಡಿ ಹೇಳುವುದು ಬೇಡ. ಆದರೆ ಆ ದಬ್ಬಾಳಿಕೆಯೊಳಗೆ ಒಂದು ವ್ಯವಸ್ಥೆಯೂ ಇತ್ತು. ಯಾವಾಗ ಜಂತ್ರಡಿ ಹಾಕಬೇಕು, ಯಾವಾಗ ತೆಗೆಯಬೇಕು, ಯಾರು ಕಾಯಬೇಕು, ಎಲ್ಲ ಒಂದೇ ಬಾಯಿಂದ ಬರುತ್ತಿತ್ತು.

1974ರ ನಂತರ ಒಡೆಯ ಹೋದ. ಅವನ ಜೊತೆ ಆ ಕೂಗೂ ಹೋಯ್ತು. ನ್ಯಾಯಮಂಡಳಿ ಗದ್ದೆಯನ್ನು ಗುಂಟೆ, ಆಣೆ ಲೆಕ್ಕದಲ್ಲಿ ಹಂಚಿತು. ಕಟ್ಟೆಗೆ ಫಾರಂ ಇರಲಿಲ್ಲ. ಜಂತ್ರಡಿಗೆ ಪಹಣಿ ಇರಲಿಲ್ಲ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಸರ್ಕಾರ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ದೊಡ್ಡ ಕಲ್ಲಿನ ಕಟ್ಟೆ ಕಟ್ಟಿತು. ಒಳ್ಳೆಯದೇ ಆಯ್ತು ಅಂತ ಎಲ್ಲರಿಗೂ ಅನಿಸಿತು. ಆದರೆ ಕಲ್ಲು ಬಂದ ಮೇಲೆ ಜನರ ಕೈ ಹಿಂದೆ ಸರಿಯಿತು. ಅದು ಸರ್ಕಾರದ್ದು ತಾನೆ, ಸರ್ಕಾರವೇ ನೋಡಿಕೊಳ್ಳಲಿ. ಸರ್ಕಾರಕ್ಕೆ ಅಮಾಸೆ ಭರತ ನೆನಪಿರುವುದಿಲ್ಲ.

ಆ ಖಾಲಿ ಜಾಗಕ್ಕೆ ಸಿಗಡಿ ಬಂತು. ತೊಂಬತ್ತರ ದಶಕದಲ್ಲಿ ಸಿಗಡಿಯ ದುಡ್ಡು ನೋಡಿ ಊರೇ ಬೆರಗಾಗಿತ್ತು. ಭತ್ತದ ವರ್ಷದ ಲಾಭ ಸಿಗಡಿಯವನ ಒಂದು ವಾರದ ಡೀಸೆಲ್ ಖರ್ಚಿಗೆ ಸಾಲದು. ತೊಂದರೆ ಇದ್ದದ್ದು ನೀರಿನ ಕ್ಯಾಲೆಂಡರಿನಲ್ಲಿ. ಕಗ್ಗಕ್ಕೆ ಮಳೆಗಾಲದ ಹೊತ್ತಿಗೆ ಗಜನಿ ಖಾಲಿ ಆಗಬೇಕು. ಗುತ್ತಿಗೆದಾರನಿಗೆ ಇನ್ನೂ ಹದಿನೈದು ದಿನ ಬೇಕು, ಇನ್ನೊಂದು ಭರತ ಬೇಕು. ಜಂತ್ರಡಿ ಅವನ ಕೈಲಿ. ಹದಿನೈದು ದಿನ ತಡವಾದರೆ ಆ ವರ್ಷದ ಬಿತ್ತನೆ ಹೋಯ್ತು. ಎರಡು ವರ್ಷ ಹೀಗಾದರೆ ಮನೆಯಲ್ಲಿಟ್ಟ ಬೀಜ ಹೋಯ್ತು. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಆಮೇಲೆ ಸಿಗಡಿಗೆ ಬಿಳಿ ಚುಕ್ಕೆ ರೋಗ ಬಂತು. ಗುತ್ತಿಗೆದಾರ ಎದ್ದು ಹೋದ. ಉಳಿದದ್ದು ಒಡೆದ ಕಟ್ಟೆ, ಬೀಜ ಇಲ್ಲದ ಮನೆ, ಉಪ್ಪು ಕೂತ ಗದ್ದೆ. ನಿಮ್ಮದೂ ಹೀಗೇ ಪಾಳು ಬಿದ್ದಿರಬೇಕು, ಅಲ್ವಾ? ಒಮ್ಮೆ ಊರಲ್ಲಿ ವಿಚಾರಿಸಿ ನೋಡಿ.

ಈಗ ನಿಮ್ಮ ಮುಂದಿರುವ ಇಬ್ಬರ ವಿಷಯ.

ಕೊಳ್ಳಲು ಬಂದವರಿಗೆ ಕಾನೂನಿನ ಅಡ್ಡಿ ಈಗ ಇಲ್ಲ. ರೈತರಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಅಂತಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದರು. ಗೇಣಿದಾರನಿಗೆ ಬಂದ ಭೂಮಿಯನ್ನು ಹದಿನೈದು ವರ್ಷ ಮಾರಬಾರದು ಅಂತಲೂ ಇತ್ತು. ನಿಮ್ಮಜ್ಜನ ಭೂಮಿಗೆ ಆ ಅವಧಿ ಯಾವತ್ತೋ ಮುಗಿದಿದೆ. ಮಾರಬಹುದು. ಆದರೆ ಐದೂ ಮನೆಯವರ ಸಹಿ ಬೇಕು. ಫಾರಂ 7 ಅಜ್ಜನ ಹೆಸರಲ್ಲಿದ್ದರೂ ಗೇಣಿ ಮಾಡುತ್ತಿದ್ದದ್ದು ಕುಟುಂಬವಾದರೆ ಹಕ್ಕೂ ಕುಟುಂಬದ್ದೇ ಅಂತ ಕೋರ್ಟುಗಳು ಹೇಳಿವೆ. ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಅತ್ತೆಯರ ಸಹಿ ಇಲ್ಲದ ಕ್ರಯಪತ್ರ ಅಂದರೆ ಕೋರ್ಟಿನ ದಾರಿ ಹಿಡಿದ ಪತ್ರ ಅಂತಲೇ ತಿಳಿಯಿರಿ.

ಕೊಳ್ಳುವವರ ಲೆಕ್ಕಾಚಾರವನ್ನೂ ಸ್ವಲ್ಪ ಊಹಿಸಿ. 52 ಗುಂಟೆಯಲ್ಲಿ ಕಗ್ಗ ಬೆಳೆಯಲು ಯಾರೂ ಹೊರಗಿನಿಂದ ಬರುವುದಿಲ್ಲ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಒಂದು ಸಣ್ಣ ಸಾಲಿದೆ. 1991ರ ಫೆಬ್ರವರಿ 19ಕ್ಕಿಂತ ಹಿಂದೆ ಕಟ್ಟಿದ ಕಟ್ಟೆ, ತೂಬು ಇದ್ದರೆ ಭರತದ ಗೆರೆಯನ್ನು ಆ ಕಟ್ಟೆಯವರೆಗೆ ಮಾತ್ರ ಎಳೆಯುತ್ತಾರೆ. ಅಂದರೆ ಕಟ್ಟೆ ಗಟ್ಟಿ ಇದ್ದರೆ ಅದರ ಒಳಗಿನ ಗದ್ದೆ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ರೆಸಾರ್ಟಿನವರ ಕಡೆಯವರು ಈ ಸಾಲನ್ನು ನಮಗಿಂತ ಚೆನ್ನಾಗಿ ಓದಿರುತ್ತಾರೆ. ನಿಮ್ಮ ಹತ್ತಿರ ಬಂದವರು ಅಂಥವರೇ ಅಂತ ನಾನು ಹೇಳುತ್ತಿಲ್ಲ. ಆದರೆ ಗಜನಿಯ ನಟ್ಟ ನಡುವೆ ಒಂದು ತುಂಡು ಹೊರಗಿನವರ ಕೈ ಸೇರಿ, ಅವರು ಮಣ್ಣು ತುಂಬಿಸಿದರು ಅಂದುಕೊಳ್ಳಿ. ಸುತ್ತಲಿನ ಎಲ್ಲರ ನೀರಿನ ದಾರಿ ಕೆಟ್ಟಿತು. ಹಾಗಾಗಿ ಮಾರಲೇಬೇಕು ಅಂತಾದರೆ ಅದೇ ಗಜನಿಯ ಪಾಲುದಾರರಿಗೆ ಮೊದಲು ಕೇಳಿ. ರೇಟು ಕಡಿಮೆ ಬರುತ್ತದೆ, ಗೊತ್ತು.

ಗುತ್ತಿಗೆಯ ಕಥೆ ಇನ್ನೂ ತಮಾಷೆಯದ್ದು. ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದು ನಮ್ಮ ಕಾಯ್ದೆಯಲ್ಲಿ ನಿಷೇಧ. ಒಡೆಯ-ಒಕ್ಕಲು ಸಂಬಂಧ ಮತ್ತೆ ಹುಟ್ಟಬಾರದು ಅಂತ ಮಾಡಿದ್ದು. ಅದಕ್ಕೇ ಊರಲ್ಲಿ ಎಷ್ಟೋ ಗದ್ದೆ ಪಾಳು. 'ಬೇರೆಯವರಿಗೆ ಮಾಡಲು ಕೊಟ್ಟರೆ ಗದ್ದೆಯೇ ಹೋಗ್ತದೆ' ಅನ್ನುವ ಹೆದರಿಕೆ. 1974ರಲ್ಲಿ ಗೇಣಿದಾರನಾಗಿ ಗೆದ್ದವನ ಮೊಮ್ಮಗನಿಗೇ ಈಗ ಆ ಹೆದರಿಕೆ! ಆದರೆ ಜಲಕೃಷಿಗೆ ಮಾತ್ರ ಉತ್ತರ ಕನ್ನಡ, ದಕ್ಷಿಣ ಕನ್ನಡದಲ್ಲಿ 1995ರ ತಿದ್ದುಪಡಿ ಒಂದು ಕಿಂಡಿ ತೆರೆಯಿತು. ಹಾಗಾಗಿ ಇವತ್ತು ಕಗ್ಗ ಬಿತ್ತುವ ಪಕ್ಕದ ಮನೆಯವನಿಗೆ ಗದ್ದೆ ಕೊಡಲು ಕಾನೂನು ಬಿಡುವುದಿಲ್ಲ, ಸಿಗಡಿಯವನಿಗೆ ಕೊಡಲು ಬಿಡುತ್ತದೆ. ಇದನ್ನು ಯಾರು ಕೂತು ಯೋಚಿಸಿದರೋ! ನನ್ನ ಕೇಳಿದರೆ, ಸಣ್ಣ ಹಿಡುವಳಿದಾರರು ಒಬ್ಬರಿಗೊಬ್ಬರು ಬರವಣಿಗೆಯಲ್ಲಿ, ಅವಧಿ ಹಾಕಿ, ಸಾಗುವಳಿಗೆ ಕೊಡಲು ದಾರಿ ಇರಬೇಕು. ಅದು ಬರುವವರೆಗೆ ಗೇಣಿ ಅನ್ನಿಸದ ಹಾಗೆ, ಮಾಲೀಕರೇ ಗುಂಪಾಗಿ ಖರ್ಚು, ಫಲ ಎರಡೂ ಹಂಚಿಕೊಂಡು ಮಾಡಬೇಕು.

ಸಿಗಡಿಯವರು ಬಂದಾಗ ಒಂದು ಮಾತು ಕೇಳಿ: ನೋಂದಣಿ ಪತ್ರ ತೋರಿಸಿ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಕೊಳಗಳಿಗೆ ತಡೆ ಹಾಕಿತು. ಗಜನಿಯಂಥ ಹಳೆ ಪದ್ಧತಿಯನ್ನು ಮುಟ್ಟಲಿಲ್ಲ. ಆಮೇಲೆ 2005ರ ಕೇಂದ್ರ ಕಾಯ್ದೆ ಬಂತು. ಅದರಡಿ ಕರಾವಳಿಯ ಜಲಕೃಷಿಗೆ ನೋಂದಣಿ ಕಡ್ಡಾಯ. ಅರ್ಧದಷ್ಟು ಜನ ಈ ಪ್ರಶ್ನೆಗೇ ಫೋನ್ ಎತ್ತುವುದು ಬಿಡುತ್ತಾರೆ.

ಮಾವನ ವಿಷಯ ಬೇರೆ, ಆದರೆ ಬೇರು ಒಂದೇ. ಜಿಲ್ಲೆಯ ಶೇಕಡಾ 80ರಷ್ಟು ಕಾಡು. 1974ರ ಕಾಯ್ದೆ ಮುಟ್ಟಿದ್ದು ಒಡೆಯರ ಹೆಸರಲ್ಲಿದ್ದ ಭೂಮಿಯನ್ನು. ಯಾರು ಕಾಡಂಚಿನಲ್ಲಿ, ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತಿದ್ದ ಜಾಗದಲ್ಲಿ ಉಳುತ್ತಿದ್ದರೋ ಅವರಿಗೆ ಒಡೆಯ ಅಂದರೆ ಸರ್ಕಾರವೇ. ಅವರು ಫಾರಂ 7 ಯಾರ ಮೇಲೆ ಹಾಕಬೇಕಿತ್ತು? 2006ರ ಅರಣ್ಯ ಹಕ್ಕು ಕಾಯ್ದೆ ಅವರ ಪಾಲಿನ ಭೂ ಸುಧಾರಣೆ. ಅದರಲ್ಲಿ ಪರಿಶಿಷ್ಟ ಪಂಗಡದವರಿಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು. ಸಿದ್ದಿಯರು 2003ರಲ್ಲಿ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿಗಳು, ಜೋಯಿಡಾದ ಕುಣಬಿಗಳು ಕೇಳುತ್ತಲೇ ಇದ್ದಾರೆ. ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ಸಾಕ್ಷಿ ಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ.

ಆದರೆ ಆ 75 ವರ್ಷ ಯಾವುದಕ್ಕೆ ಅಂತ ಸರಿಯಾಗಿ ಓದಿ. ಮೂರು ತಲೆಮಾರಿನಿಂದ ಆ ಕಡೆಯ ಕಾಡಿನಲ್ಲಿ ವಾಸವಾಗಿ ಅದನ್ನೇ ನಂಬಿ ಬದುಕಿದ್ದೀರಾ ಅನ್ನುವುದಕ್ಕೆ. ಈಗ ಉಳುತ್ತಿರುವ ಅದೇ ತುಂಡು 75 ವರ್ಷದಿಂದ ನಿಮ್ಮ ಕೈಯಲ್ಲೇ ಇರಬೇಕು ಅಂತಲ್ಲ. ಆ ತುಂಡಿಗೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸ್ವಾಧೀನ ತೋರಿಸಿದರೆ ಆಯ್ತು. ಎಷ್ಟೋ ಅರ್ಜಿಗಳು ಈ ಎರಡನ್ನು ಕಲಸಿ ತಿರಸ್ಕಾರ ಆಗಿವೆ. ಹಿರಿಯರ ಹೇಳಿಕೆಯೂ ಸಾಕ್ಷಿಯೇ, ಹಳೆ ಬಾವಿ, ಸಮಾಧಿ, ಪೂಜೆಯ ಜಾಗವೂ ಸಾಕ್ಷಿಯೇ. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆದು, ಗ್ರಾಮಸಭೆಯ ಠರಾವು ಹಿಡಿದು ಮೇಲ್ಮನವಿ ಹಾಕಲು ಹೇಳಿ. ಹಕ್ಕುಪತ್ರ ಬಂದರೆ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಬರುತ್ತದೆ. ಮಾರುವಂತಿಲ್ಲ, ಮಕ್ಕಳಿಗೆ ಹೋಗುತ್ತದೆ. ಮಾವನಿಗೆ ಇದು ಸಾಕು. ಕಗ್ಗದ ಹಾಗೆ ಕಟ್ಟೆ ಕಾಯುವ ಕೆಲಸ ಅವರಿಗಿಲ್ಲ.

ಇಲ್ಲ ಅಂದೆ, ಅದು ತಪ್ಪು. ಸಿರ್ಸಿಯ ಕಟ್ಟೆಗೆ ಬೆಟ್ಟ ಅಂತ ಹೆಸರು. ಬ್ರಿಟಿಷರ ಕಾಲದಿಂದ ಅಡಿಕೆ ತೋಟದವರಿಗೆ ಎಕರೆ ತೋಟಕ್ಕೆ 9 ಎಕರೆವರೆಗೆ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಸವಲತ್ತು. ಒಡೆತನ ಸರ್ಕಾರದ್ದು, ಸೊಪ್ಪು, ದರಕು (ಒಣ ಎಲೆ) ತೋಟದವರದ್ದು. ಅದು ತೋಟಕ್ಕೆ ಅಂಟಿಕೊಂಡ ಹಕ್ಕು. ನಮ್ಮ ಗದ್ದೆ ಪಡೆದವರಿಗೆ ಗದ್ದೆ ಬಂತು, ಬೆಟ್ಟ ಬರಲಿಲ್ಲ. ಈಗ ಗದ್ದೆಗಳೆಲ್ಲ ತೋಟ ಆಗುತ್ತಿವೆ, ಹೊಸ ತೋಟಕ್ಕೆ ಸೊಪ್ಪು ಎಲ್ಲಿಂದ? ಇದ್ದ ಬೆಟ್ಟ ಬೋಳಾದರೆ ಅದರ ಮಣ್ಣು ಅಘನಾಶಿನಿ ಹಿಡಿದು ನಿಮ್ಮ ಗಜನಿಗೇ ಬರುತ್ತದೆ. ಮಾವನ ಗುಡ್ಡಕ್ಕೂ ನಿಮ್ಮ ಜಂತ್ರಡಿಗೂ ಇರುವ ನಂಟು ಇದು.

ಈಗ ಮಾಡಬೇಕಾದ್ದು. ಕಾಗದದಿಂದ ಶುರು ಮಾಡಿ. ಪಹಣಿ ಈಗಲೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ, ಐದೂ ಮನೆಯ ಹೆಸರು ಬರಲಿ. ಹೆಸರಿನ ಅಕ್ಷರ ಒಂದೊಂದಾಗಿ ನೋಡಿ. ನಮ್ಮಪ್ಪನ ಹೆಸರಲ್ಲಿ ಒಂದು ಕೊಂಬು ತಪ್ಪಿತ್ತು. ಅದನ್ನು ಸರಿ ಮಾಡಿಸಲು ನಾನು ಎರಡೂವರೆ ವರ್ಷ, ಹದಿನಾಲ್ಕು ಸಲ ಒಂದು ಕಚೇರಿಗೆ ಅಲೆದೆ. ಕೊನೆಗೆ ಸರಿ ಮಾಡಿದವರು 'ಇದು ಐದು ನಿಮಿಷದ ಕೆಲಸ ಸಾರ್' ಅಂದರು. ಐದು ಮನೆಯವರು ಗದ್ದೆಯನ್ನು ನಕ್ಷೆ ಮಾಡಿ ತುಂಡು ಹಾಕಿಕೊಳ್ಳಬೇಡಿ. ಹೆಸರು ಜಂಟಿ ಇರಲಿ, ಪಾಲು ಎಷ್ಟು ಅಂತ ಬರೆದಿರಲಿ. ಮೂರೂವರೆ ಗುಂಟೆಗೆ ಹಾಳಿ ಹಾಕಿದರೆ ಹಾಳಿಯೇ ಅರ್ಧ ಗದ್ದೆ ತಿನ್ನುತ್ತದೆ.

ಆಮೇಲೆ ಕಟ್ಟೆ. ನಿಮ್ಮ ಗಜನಿಗೆ ಒಂದು ಕಮಿಟಿ ಇದ್ದೇ ಇರುತ್ತದೆ, ಮೀನಿನ ಹರಾಜಿಗಾದರೂ. ಅದರ ಸಭೆಗೆ ಹೋಗಿ. ಅಲ್ಲಿ ಎರಡೇ ವಿಷಯ ಎತ್ತಿ. ಒಂದು, ನೀರು ಹೊರಗೆ ಹಾಕುವ ದಿನ. ಮೀನಿನ ಹರಾಜಿನ ಕರಾರಿನಲ್ಲೇ ಅದನ್ನು ಬರೆಯಿಸಬೇಕು: ಮೇ ಕೊನೆಯ ಹೊತ್ತಿಗೆ ಜಂತ್ರಡಿ ರೈತರ ಕೈಗೆ. ಬಾಯಿ ಮಾತಲ್ಲ. ಇನ್ನೊಂದು, ಹರಾಜಿನ ದುಡ್ಡು ಮನೆಗಳಿಗೆ ಹಂಚುವ ಮೊದಲು ಕಟ್ಟೆಯ ಪಾಲು ಎತ್ತಿಡುವುದು. ಕಟ್ಟೆಯೂ ಒಬ್ಬ ಪಾಲುದಾರ ಅಂತ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರಿನಿಂದ ಮನೆಗೊಂದು ಆಳು ಕಳಿಸಲು ನಿಮ್ಮಿಂದ ಆಗುವುದಿಲ್ಲ. ಕೂಲಿಯ ದುಡ್ಡು ಕಳಿಸಬಹುದಲ್ಲ? ದೊಡ್ಡ ಕಲ್ಲಿನ ಕಟ್ಟೆ ಸಣ್ಣ ನೀರಾವರಿ ಇಲಾಖೆಯದ್ದು. ಅದರ ರಿಪೇರಿಗೆ ಅರ್ಜಿ ಒಬ್ಬೊಬ್ಬರು ಕೊಟ್ಟರೆ ಕಡತದಲ್ಲೇ ಕೂರುತ್ತದೆ. ಗಜನಿಯ ಎಲ್ಲರ ಸಹಿ, ಪಂಚಾಯತಿ ಠರಾವು ಇದ್ದರೆ ಕದಲುತ್ತದೆ. ಕಟ್ಟೆಯ ಹೊರಮೈಯಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಇದ್ದರೆ ಕಡಿಯಬೇಡಿ. ಅಲೆಯ ಹೊಡೆತ ಮೊದಲು ಅದಕ್ಕೆ ಬೀಳುತ್ತದೆ. ಕಟ್ಟೆ ಒಳಗೆ ಹುಟ್ಟಿದರೆ ಮಾತ್ರ ತಲೆನೋವು. ಇನ್ನೂ ಹತ್ತು ವರ್ಷ ಪಾಳು ಬಿಟ್ಟರೆ ಗದ್ದೆ ಕಾಂಡ್ಲಾ ಕಾಡಾಗುತ್ತದೆ, ಆಮೇಲೆ ಕಾನೂನು ಅದನ್ನು ಮುಟ್ಟಲು ಬಿಡುವುದಿಲ್ಲ.

ಬೀಜಕ್ಕೆ ಮಾಣಿಕಟ್ಟೆ ಕಡೆ ಕೇಳಿ. ಅಲ್ಲಿ ಕಗ್ಗ ಬಿಡದೆ ಬೆಳೆಯುವ ರೈತರು ಇದ್ದಾರೆ. ದುಡ್ಡಿನ ಬಗ್ಗೆ ಸುಳ್ಳು ಹೇಳುವುದಿಲ್ಲ. ಬರೀ ಭತ್ತದಿಂದ ನಿಮಗೆ ಏನೂ ಉಳಿಯುವುದಿಲ್ಲ. ಭತ್ತ ಮತ್ತು ಮೀನು ಸೇರಿದರೆ ಸ್ವಲ್ಪ ಉಳಿಯುತ್ತದೆ, ಕಗ್ಗದ ಕೆಂಪಕ್ಕಿಗೆ ಅದರ ಹೆಸರಲ್ಲೇ ಗಿರಾಕಿ ಸಿಕ್ಕರೆ ಇನ್ನೂ ಸ್ವಲ್ಪ. ಸಿರ್ಸಿಯ ಅಡಿಕೆ ಬೆಳೆಗಾರರು 1923ರಲ್ಲೇ ತೋಟಗಾರ್ಸ್ ಸೊಸೈಟಿ ಕಟ್ಟಿಕೊಂಡರು, ದಲ್ಲಾಳಿಯ ಕೈಯಿಂದ ಹೊರಗೆ ಬಂದರು. ಗಜನಿಯವರೂ ಹಾಗೆ ಒಟ್ಟಾಗಬಹುದು. ಅಘನಾಶಿನಿ ಹಿನ್ನೀರು 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಚೀಲದ ಮೇಲೆ ಆ ಹೆಸರು ಹಾಕಿ ಬೆಂಗಳೂರಿನಲ್ಲಿ ಮಾರಲು ನಿಮಗಿಂತ ಸರಿಯಾದವರು ಯಾರಿದ್ದಾರೆ? ಹದಿನೈದು ಮನೆ ಸೇರಿದರೆ ಸಾಕು, ಇಡೀ ಗಜನಿ ಒಪ್ಪಲಿ ಅಂತ ಕಾಯಬೇಡಿ. ಆದರೆ ಆ ಹದಿನೈದೂ ಒಂದೇ ಜಂತ್ರಡಿಯ ಒಳಗಿರಬೇಕು.

ಕೊಳ್ಳುವವರಿಗೆ ಒಂದು ವರ್ಷ ತಡೆಯಿರಿ ಅಂತ ಹೇಳಿ. ಭೂಮಿ ಎಲ್ಲೂ ಹೋಗುವುದಿಲ್ಲ. ಮೇ ತಿಂಗಳ ಅಮಾವಾಸ್ಯೆಗೆ ನಾಲ್ಕು ದಿನ ರಜೆ ಹಾಕಿ ಊರಿಗೆ ಬನ್ನಿ. ಚಿಕ್ಕಪ್ಪನನ್ನು ಕರೆದುಕೊಂಡು ಇಳಿತದ ಹೊತ್ತಿಗೆ ಕಟ್ಟೆಯನ್ನು ಒಂದು ಸುತ್ತು ನಡೆಯಿರಿ, ಭರತದ ಹೊತ್ತಿಗೆ ಇನ್ನೊಂದು ಸುತ್ತು. ಎಲ್ಲೆಲ್ಲಿ ನೀರು ಒಸರುತ್ತದೆ ಅಂತ ಫೋಟೊ ಹೊಡೆದುಕೊಳ್ಳಿ. ಸಭೆಯಲ್ಲಿ ಬೇಕಾಗುತ್ತದೆ. ಶೂ ಬೇಡ, ಜಾರುತ್ತದೆ. ಅಜ್ಜನಿಗೆ ಗದ್ದೆಯ ಹಕ್ಕು ಬಂದ ಪತ್ರ, ಅಂದರೆ ಫಾರಂ 10, ಮನೆಯ ಯಾವುದಾದರೂ ಪೆಟ್ಟಿಗೆಯಲ್ಲಿರಬೇಕು. ಸಿಕ್ಕರೆ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಅತ್ತೆಯ ಮನೆಯಲ್ಲಿ ಕೊಟ್ಟಿಡಿ.